ಉಗುಳಬಾರದು

ಉಗುಳಬಾರದು, ಬಾಯಲ್ಲಿ ಬಂದದ್ದನ್ನೆಲ್ಲ ನುಂಗಿಬಿಡಬೇಕು, ನಾಳೆ ಬೆಳಗಾಗುವವರೆಗೆ, ಎಂದು ಹಲ್ಲಿನ ಡಾಕ್ಟರು ಹೇಳಿದ್ದರು. ಜೂಲಿಯೆಟ್ ನುಂಗಿದಳು. ಬಸ್ಸು ಕಾಸರಗೋಡು ಪೇಟೆ ದಾಟಿ ವಿದ್ಯಾನಗರದ ಕಡೆಗೆ ಹೊರಳುವಾಗ ಇನ್ನೊಮ್ಮೆ ನುಂಗಿದಳು. ತುಕ್ಕು ಹಿಡಿದ ಬಾಲ್ದಿಯ ತಳದಲ್ಲಿ ನಿಂತುಹೋದ ನೀರಿನ ರುಚಿ. ಕಚ್ಚಿಕೊಂಡಿರಲು ಕೊಟ್ಟ ಹತ್ತಿಯ ಉಂಡೆ ನೆನೆದು ಉಬ್ಬಿ, ಹತ್ತಿ ಎಲ್ಲಿ ಮುಗಿಯಿತು, ತನ್ನ ಮಾಂಸ ಎಲ್ಲಿ ಶುರುವಾಯಿತು ಎಂದೇ ತಿಳಿಯದಂತೆ ಕೆನ್ನೆಗೆ ಅಂಟಿತ್ತು. ಪಕ್ಕದಲ್ಲಿ ಗಂಡ ಸೆಬಾಸ್ಟಿಯನ್ ತೊಡೆಯ ಮೇಲೆ ಎರಡು ಬೆರಳುಗಳನ್ನು ನಡೆಸುತ್ತ, ಮೂಗಿನೊಳಗೇ ದುಂ ದುಂ ಎಂದು ಯಾವುದೋ ಮದುವೆಯ ಹಾಡಿನ ತಳದ ಸ್ವರವನ್ನು ಹೊರಡಿಸುತ್ತಿದ್ದ. ಎಷ್ಟೋ ವರ್ಷಗಳಿಂದ ಸುಮ್ಮನಿದ್ದ ಬೆರಳುಗಳು. ಕೀಬೋರ್ಡಿನವನ ಎಡಗೈಯೇ ಬೇಸ್ ಗಿಟಾರಿನ ಕೆಲಸವನ್ನೂ ಮಾಡತೊಡಗಿದ ಮೇಲೆ ಬ್ಯಾಂಡಿನವರು ಅವನನ್ನು ಕರೆಯುವುದನ್ನು ಬಿಟ್ಟಿದ್ದರು. ಬರಬೇಡ ಎಂದು ಯಾರೂ ಹೇಳಲಿಲ್ಲ, ಬ್ಯಾಂಡಿನ ಜೀಪು ಮಾತ್ರ ಮನೆಯ ಎದುರು ನಿಲ್ಲುತ್ತಿರಲಿಲ್ಲ ಅಷ್ಟೆ. ಅಂದಿನಿಂದ ಗಿಟಾರಿನ ಪೆಟ್ಟಿಗೆ ಕಪಾಟಿನ ಮೇಲೆ, ಅವನು ಅದರ ಕೆಳಗಿನ ಮಂಚದ ಮೇಲೆ. ಬೆಳಗ್ಗೆ ಅವಳೊಟ್ಟಿಗೆ ಹೊರಡಲಿಕ್ಕೇ ಮನಸ್ಸಿಲ್ಲದೆ ಗೊಣಗುತ್ತ ಬಂದವನು ಈಗ ಮದುಮಗನ ಹಾಗೆ ಕೂತಿದ್ದ. "ನೋವುಂಟಾ?" ಎಂದು ಕೇಳಿದ. ಉತ್ತರಕ್ಕೆ ಕಾಯದೆ, "ಸಂಜೆ ಡಾಕ್ಟ್ರು ಬರುವಾಗ ತಿಂಡಿ ಎಂತಾದ್ರೂ ಬೇಕಲ್ಲ ಜೂಲಿ. ಭಟ್ರು ಅವರು. ಮೊಟ್ಟೆ ಹಾಕಿದ್ದು ಆಗ್ಲಿಕ್ಕಿಲ್ಲ" ಎಂದ. ಅವಳು ಕಿಟಕಿಯ ಕಡೆಗೆ ತಿರುಗಿ ನುಂಗಿದಳು.

ಬೆಳಗ್ಗೆ ಕ್ಲಿನಿಕ್ಕಿನ ಕುರ್ಚಿ ಹಿಂದಕ್ಕೆ ಬಾಗಿದಾಗ ಮೊದಲು ಕಂಡದ್ದು ದೀಪವಲ್ಲ, ಗೋಡೆಯ ಮೇಲಿನ ಗಿಟಾರುಗಳು. ಒಂದರ ಹೊಟ್ಟೆಯ ಬಣ್ಣವೆಲ್ಲ ಎದ್ದುಹೋಗಿ ಚರ್ಮದ ರೋಗ ಬಂದವರ ಮೈಯ ಹಾಗಿತ್ತು. ಅಂಥದ್ದನ್ನು ಯಾಕೆ ರೋಗಿಗಳ ಕಣ್ಣೆದುರು ತೂಗಿಹಾಕಿದ್ದಾರೆ ಎಂದು ಅವಳು ಯೋಚಿಸುವಷ್ಟರಲ್ಲಿ ರಬ್ಬರಿನ ಕೈಗವಸಿನ ಬೆರಳುಗಳು ಬಾಯೊಳಗೆ ಬಂದಿದ್ದವು, ಬಲೂನಿನ ವಾಸನೆ, ಅದರ ಹಿಂದೆ ಡಾಕ್ಟರ ಉಸಿರಿನ ಕಾಫಿಯ ವಾಸನೆ. ಡಾಕ್ಟರ್ ಹರಿನಾರಾಯಣ, ಅಗಲ್ಪಾಡಿಯ ಕಡೆಯವರು, ನಲವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಸೆಬಾಸ್ಟಿಯನ್ ಗೋಡೆ ನೋಡಿ, "ನನ್ನಲ್ಲಿಯೂ ಒಂದು ಹಳತು ಉಂಟು ಡಾಕ್ಟ್ರೇ. ಬೇಸ್. ಒಳಗೆ ಟೊಳ್ಳು ಇರುವಂಥದ್ದು" ಎಂದ. ಬಾಯೊಳಗಿನ ಬೆರಳುಗಳು ಅಲ್ಲಿಯೇ ನಿಂತವು.

"ಟೊಳ್ಳಿನದ್ದಾ? ಯಾವ ಕಾಲದ್ದು?"

"ಅರುವತ್ತರ ಆಚೆ ಈಚೆ. ಫಾರಿನ್‌ದು. ಬೊಂಬಾಯಿಯಲ್ಲಿ ಒಬ್ಬ ಹಡಗಿನವನಿಂದ ತಕೊಂಡದ್ದು."

"ಬಣ್ಣ ಒರಿಜಿನಲ್ಲಾ? ಯಾರೂ ಕೈ ಹಾಕ್ಲಿಲ್ಲ ಅಲ್ವಾ?"

"ಯಾರು ಹಾಕುದು ಮಾರಾಯ್ರೇ, ನಾನೇ ಪೆಟ್ಟಿಗೆ ತೆರೆಯದೆ ಎಷ್ಟು ವರ್ಷ ಆಯ್ತು. ಗಿಟಾರಿನ ತಲೆಯಲ್ಲಿ, ತಂತಿ ಬಿಗಿಯುವಲ್ಲಿ, ಒಂದು ಸಿಗರೇಟಿನ ಸುಟ್ಟ ಕಲೆ ಉಂಟು. ಬಾರಿಸುವಾಗ ಅಲ್ಲಿ ತಂತಿಗೆ ಸಿಕ್ಕಿಸಿ ಇಡ್ತಿದ್ದೆ. ಅದೊಂದು ಬಿಟ್ರೆ ಎಂತ ಇಲ್ಲ."

"ಅದೊಂದು ಬಿಟ್ರೆ ಅಂತೀರಲ್ಲ!" ಡಾಕ್ಟರ ದನಿ ಸಣ್ಣಗಾಯಿತು, ಗುಡಿಯೊಳಗೆ ಮಾತಾಡುವವರ ಹಾಗೆ. "ಅದೇ ಬೇಕಾದ್ದು. ಅಮೆರಿಕದಲ್ಲಿ ಹೊಸ ಗಿಟಾರನ್ನು ಬೇಕೂಂತಲೇ ಗೀರಿ, ಸುಟ್ಟು, ಹಳತರ ಹಾಗೆ ಮಾಡಿ ಹೆಚ್ಚು ಕ್ರಯಕ್ಕೆ ಮಾರ್ತಾರೆ. ನಿಮ್ಮದು ನಿಜಕ್ಕೂ ಸುಟ್ಟದ್ದು. ನೀವು ಹೇಳಿದ ಹಾಗೆ ಇದ್ರೆ ಒಂದು ಕಾರು ಬರ್ತದೆ ಸೆಬಾಸ್ಟಿಯನರೇ, ಸಣ್ಣ ಕಾರಲ್ಲ. ಮನೆಗೆ ಹೋಗಿ ಅದನ್ನು ಮುಟ್ಬೇಡಿ. ಧೂಳು ಸಹ ಒರೆಸ್ಬೇಡಿ. ಸಂಜೆ ನಾನೇ ಬಂದು ತೆಗೀತೇನೆ."

ಕೆನ್ನೆಯ ಮೂಲೆಗೆ ಸಿಕ್ಕಿಸಿದ್ದ ಪೈಪು ಅವಳ ಎಂಜಲನ್ನು ಗೊರಗೊರ ಎಂದು ಎಳೆದುಕೊಳ್ಳುತ್ತಿತ್ತು. ತುಟಿಯ ಕೊನೆಯಿಂದ ಒಂದು ಎಳೆ ಜಾರಿ ಕಿವಿಯ ಹಿಂದೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಡಾಕ್ಟರ ಮೊಣಕೈಗೆ ತಾಗುತ್ತದೆ. ಎಷ್ಟು ಹೊತ್ತು ಹಾಗೆ ಮಲಗಿದ್ದಳೋ. ಅವರು ಮರದ ಬಗ್ಗೆ ಮಾತಾಡಿದರು. ಮರ ಒಣಗಿ ಒಣಗಿ ಸ್ವರ ಬಿಡುವುದರ ಬಗ್ಗೆ, ಈಗಿನ ಮರಕ್ಕೆ ಆ ಗುಣ ಇಲ್ಲದ್ದರ ಬಗ್ಗೆ. ತೆರೆದ ಬಾಯಿಯ ಮೇಲಿಂದ ಒಬ್ಬರಿಂದ ಒಬ್ಬರಿಗೆ ಮಾತು ಹಾದುಹೋಗುತ್ತಿತ್ತು, ಬಾವಿಯ ಕಟ್ಟೆಯ ಎರಡು ಬದಿ ಕೂತವರ ಹಾಗೆ. ಅವಳಿಗೆ ಅಷ್ಟರಲ್ಲಿ ಕುಂಞನ ನೆನಪು ಬಂತು. "ಆಂ" ಎಂದಳು. "ನೋವಾಯ್ತಾ ಮೇಡಂ?" ಎಂದು ಡಾಕ್ಟರು ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಹಲ್ಲು ಕಿತ್ತು ಸ್ಟೀಲಿನ ತಟ್ಟೆಯಲ್ಲಿ ಠಣ್ಣೆಂದು ಹಾಕಿ ಅವಳಿಗೆ ತೋರಿಸಿದರು. "ಹಳತಾಗಿ ಒಳಗೆ ಪೂರ್ತಿ ಟೊಳ್ಳು. ಇದನ್ನು ಇಟ್ಟುಕೊಂಡು ಪ್ರಯೋಜನ ಇಲ್ಲ."

ಕುಂಞ ಇಗರ್ಜಿಯ ಬೆಂಚುಗಳಿಗೆ ಪಾಲಿಶ್ ಹಾಕುವವನು. ಮಗಳು ಸಿಂಥಿಯಾಳ ಮದುವೆಗೆ ಮನೆಯ ಬಾಗಿಲು, ದಾರಂದ, ದೇವರ ಪಟದ ಆಲ್ತಾರಿನ ಮರದ ಗೂಡು ಎಲ್ಲಕ್ಕೂ ಪಾಲಿಶ್ ಹಾಕಿಸುವುದೆಂದಾಗಿತ್ತು. ಮದುವೆಯ ಮನೆಯಲ್ಲಿ ಹಳತೆಂಬುದು ಎಲ್ಲಿಯೂ ಕಾಣಬಾರದು. ಮದುವೆಯ ಮುಂಚಿನ ದಿನ ತೆಂಗಿನಹಾಲು ಹಚ್ಚುವ ರೋಸ್‌ಗೆ ಬಂದ ಹೆಂಗಸರು ಕೋಣೆ ಕೋಣೆ ಹೊಕ್ಕು ನೋಡುತ್ತಾರೆ, ಕಪಾಟಿನ ಮೇಲೆ ಸಹ. ಸೆಬಾಸ್ಟಿಯನ್ ಮಂಗಳೂರಿಗೆ ಸೂಟಿನ ಅಳತೆ ಕೊಡಲು ಹೋಗಿದ್ದ ದಿನ ಅವಳು ಸ್ಟೂಲು ಹತ್ತಿ ಆ ಪೆಟ್ಟಿಗೆಯನ್ನು ಇಳಿಸಿದ್ದಳು. ತೆರೆದಾಗ ಹೊಡೆದ ವಾಸನೆ ಇವತ್ತಿಗೂ ಮೂಗಿನಲ್ಲಿದೆ: ಬೆವರು, ತಲೆಎಣ್ಣೆ, ಜಿರಳೆ, ಬೀಡಿ ಸಿಗರೇಟುಗಳೆಲ್ಲ ಒಟ್ಟಿಗೆ ಹಳಸಿದ ವಾಸನೆ. ಮದುವೆಯಾದ ಹೊಸತರಲ್ಲಿ ಬ್ಯಾಂಡಿನಿಂದ ತಡವಾಗಿ ಬಂದವನ ಅಂಗಿಯನ್ನು ನೆನೆಹಾಕುವಾಗ ಬರುತ್ತಿದ್ದದ್ದೂ ಇದೇ, ಆಗ ಅದನ್ನು ಅವಳು ಮೂಸುತ್ತಿದ್ದಳೂ ಹೌದು, ಯಾರೂ ನೋಡದಾಗ. ಅದನ್ನು ನೆನೆದರೆ ಈಗ ತನ್ನ ಬಗ್ಗೆಯೇ ಹೇಸಿಗೆಯಾಗುತ್ತದೆ. ಬಣ್ಣ ಹಳದಿಗಟ್ಟಿ ಒಡೆದಿತ್ತು, ಮೊಣಕೈ ಉಜ್ಜಿ ಉಜ್ಜಿ ಒಂದು ಕಡೆ ಮರವೇ ಕಾಣುತ್ತಿತ್ತು. "ಇದಕ್ಕೂ ಹಾಕುದಾ ಮೇಡಂ? ಬೆಂಚಿನ ಪಾಲಿಶ್ ಬಾಕಿ ಉಂಟು" ಎಂದು ಕುಂಞ ಕೇಳಿದ. ಹಾಕು ಎಂದಳು. ಅವನು ಉಜ್ಜುಕಾಗದದಿಂದ ಮೈಯೆಲ್ಲ ಉಜ್ಜಿ ತಲೆಯ ಹತ್ತಿರ ಬಂದಾಗ ನಿಂತ. "ಇಲ್ಲಿ ಸುಟ್ಟಿದೆ. ತೆಗೀಬೇಕಾದ್ರೆ ತುಂಬಾ ಉಜ್ಜಬೇಕಾಗ್ತದೆ." ಆಗ ಅವಳು ಹತ್ತಿರ ಹೋಗಿ ನೋಡಿದ್ದಳು. ಉರುಟಾಗಿ, ಅಂಚು ಕಪ್ಪಾಗಿ, ನಡುವೆ ಗುಳಿ ಬಿದ್ದು. "ಎಷ್ಟು ಉಜ್ಜಬೇಕೋ ಅಷ್ಟು ಉಜ್ಜು. ಹೋಗಬೇಕು ಅದು" ಎಂದು ಹೇಳಿದ ದನಿ ತನ್ನದೇ ಎಂದು ಅವಳಿಗೆ ಆಮೇಲೆ ಸೋಜಿಗವಾಗಿತ್ತು. ಚೊಕ್ಕ ಮಾಡಬೇಕೆಂಬ ಆಸೆಯೋ, ಇನ್ನೇನೋ. ಹಳೆಯ ಬಿಳಿ ಹೊದಿಕೆಯೊಂದರಲ್ಲಿ ಸುತ್ತಿ, ತಾನೇ ಪೆಟ್ಟಿಗೆಯೊಳಗಿಟ್ಟು ಮೇಲೇರಿಸಿದ್ದಳು. ಅವನು ತೆರೆಯಲಿಲ್ಲ. ಅವಳು ಹೇಳಲಿಲ್ಲ. ಪೆಟ್ಟಿಗೆಯ ಮೇಲೆ ಹೊಸ ಧೂಳು ಕೂತಿತು.

ಮನೆಗೆ ಬಂದ ಮೇಲೆ ಹೇಳಬಹುದಿತ್ತು. ಹತ್ತಿಯನ್ನು ತೆಗೆದು ಎಸೆದಾಗಿತ್ತು, ನಾಲಗೆಗೆ ಸ್ಪರ್ಶ ಮರಳಿತ್ತು. ಸೆಬಾಸ್ಟಿಯನ್ ಪೆಟ್ಟಿಗೆಯನ್ನು ಇಳಿಸಿ, ಚಾವಡಿಯ ಮೇಜಿನ ಮೇಲಿಟ್ಟು, ಧೂಳಿಗೆ ಕೈ ತಾಗದ ಹಾಗೆ ಅಂಗೈಗಳನ್ನು ಅಗಲ ಹಿಡಿದು ಹಿಂದೆ ಸರಿದ. ಆಲ್ತಾರಿನ ಎದುರು ನಿಂತವನ ಹಾಗೆ ನಿಂತ. "ಎಲ್ಲರೂ ನಗಾಡಿದ್ರಲ್ಲ ಜೂಲಿ, ನಿನ್ನ ಅಣ್ಣಂದಿರು ಸಹ. ಮರದ ತುಂಡು ಬಾರಿಸಿಕೊಂಡು ಸಂಸಾರ ಮಾಡ್ತಾನಂತೆ ಅಂತ. ಈಗ ನೋಡ್ಲಿ." ನಗಾಡಿದ್ದು ಹೌದು. ಸಂಸಾರ ನಡೆದದ್ದು ಅವಳ ಆಫೀಸಿನ ಸಂಬಳದಲ್ಲಿ ಎಂಬುದೂ ಹೌದು. ಆದರೆ ಅವಳು ಹೇಳದೆ ಉಳಿದದ್ದು ಅದಕ್ಕಲ್ಲ, ಹೆದರಿಯೂ ಅಲ್ಲ. ಪೆಟ್ಟಿಗೆ ತೆರೆದರೆ ಕಲೆ ಎಲ್ಲಿ ಎಂದು ಅವನು ಕೇಳುತ್ತಾನೆ. ಯಾಕೆ ತೆಗೆಸಿದೆ ಎಂದು ಕೇಳುತ್ತಾನೆ. ಆಗ ಅವಳು ಮದುವೆಯಾದ ಹೊಸತರ ಆ ಸಂಜೆಯ ಮಾತು ಎತ್ತುತ್ತಾಳೆ, ಅವನಿಗೆ ಅದು ನೆನಪಿದೆಯೋ ಇಲ್ಲವೋ ಎಂದು ಗೊತ್ತಾಗುತ್ತದೆ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ ಅದನ್ನೊಂದು ಅವಳು ಕೇಳಿರಲಿಲ್ಲ. ನೆನಪಿದ್ದೂ ಸುಮ್ಮನಿದ್ದಾನೆ ಎಂದು ನಂಬಿಕೊಂಡಿದ್ದಳು. ನಾಚಿಕೆಯಿಂದ ಸುಮ್ಮನಿದ್ದಾನೆ ಎಂದು. ಆ ನಾಚಿಕೆಯನ್ನು ಅವಳು ಅವನ ಪರವಾಗಿ, ಅವನ ಉಳಿದೆಲ್ಲ ಸಣ್ಣತನಗಳ ಎದುರಿಗೆ, ಜೋಪಾನವಾಗಿ ಇಟ್ಟುಕೊಂಡು ಬಂದಿದ್ದಳು.

ಆ ಸಂಜೆ ಅವಳು ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತಿದ್ದಳು, ಮದುವೆಯ ಸಾದೋ ಸೀರೆಯ ಕೆಂಪು ಇನ್ನೂ ಮಾಸದ ಹೊಸ ಹೆಂಡತಿ. ಇಗರ್ಜಿಯ ಹಾಲಿನಲ್ಲಿ ಯಾರದ್ದೋ ಮದುವೆ. ಸಿಗರೇಟನ್ನು ಗಿಟಾರಿನ ತಲೆಗೆ ಸಿಕ್ಕಿಸುವುದು ಅವನ ರೂಢಿ, ಆದರೆ ಅವತ್ತು ಎದುರಿನ ಸಾಲಿನಲ್ಲಿ ಇಗರ್ಜಿಯ ಪಾದ್ರಿ ವಿಗಾರರು ಕೂತಿದ್ದರು. ಹಾಡು ಶುರುವಾಗುವಾಗ ಅವನು ಪರದೆಯ ಸಂದಿಯಿಂದ ಕೈ ಚಾಚಿ ಅದನ್ನು ಅವಳ ಬೆರಳುಗಳ ನಡುವೆ ಇಟ್ಟ. "ಹಿಡ್ಕೋ. ಈಗ ಬಂದೆ." ಅವಳಿಗೆ ಎದೆ ಉಬ್ಬಿತ್ತು. ಗಂಡ ತನಗೊಂದು ಕೆಲಸ ಕೊಟ್ಟಿದ್ದಾನೆ. ಜನ ಕುಣಿಯತೊಡಗಿದರು, ಒನ್ಸ್ ಮೋರ್ ಎಂದು ಕೂಗಿದರು, ಹಾಡು ಮುಗಿಯುವಲ್ಲಿಗೆ ಬಂದು ಮತ್ತೆ ಮೊದಲಾಯಿತು. ಬೂದಿ ಉದುರುವಾಗ ಅವಳು ಎಡಗೈಯನ್ನು ಕೆಳಗೆ ಹಿಡಿದಳು. ಕಾಲಬುಡದಲ್ಲೆಲ್ಲ ಬಣ್ಣದ ಕಾಗದದ ಮಾಲೆಗಳು, ಬೀಳಿಸಿದರೆ ಬೆಂಕಿ. ಹೊರಗೆ ಹೋಗಿ ಎಸೆಯಬಹುದಿತ್ತಲ್ಲ! ನಾಲ್ಕು ಹೆಜ್ಜೆಯ ಆಚೆ ಬಾಗಿಲು ತೆರೆದೇ ಇತ್ತು. ಆದರೆ ಅವನು ಬಂದಾಗ ಎಲ್ಲಿ ಎಂದು ಕೇಳಿದರೆ? ಬಿಸಿ ಹತ್ತಿರ ಬಂತು. ಆಮೇಲೆ ಬಿಸಿ ಎನ್ನುವಂತಿರಲಿಲ್ಲ. ಅವಳು ಕಿರುಚಲಿಲ್ಲ. ಸುಟ್ಟ ಕೂದಲಿನಂಥ ವಾಸನೆ ಬಂದಾಗಲೂ ಬೆರಳು ಬಿಡಿಸಲಿಲ್ಲ. ಹಾಡು ಮುಗಿದು ಅವನು ಬೆವರೊರೆಸುತ್ತ ಬಂದು, ಅವಳ ಕೈಯಿಂದ ತುಂಡನ್ನು ತೆಗೆದುಕೊಂಡು, ನೋಡಿ, "ಇಷ್ಟು ಬೇಗ ಮುಗೀತಾ?" ಎಂದ. ನೋವಿಗಿಂತ ಅದರ ನೆನಪೇ ಅವಳಿಗೆ ಓಕರಿಕೆ ತರಿಸುವುದು: ಆ ಪರದೆಯ ಹಿಂದೆ ನಿಂತು, ಬೆರಳು ಬೇಯುತ್ತಿರುವಾಗ, ತಾನು ಮುಗುಳ್ನಗುತ್ತಿದ್ದೆ ಎಂಬುದು.

ಡಾಕ್ಟರು ಬೆಳಕು ಇರುವಾಗಲೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, "ಹೇಗುಂಟು ಮೇಡಂ? ಉಗುಳ್ಲಿಲ್ಲ ಅಲ್ಲ?" ಎಂದು ಅವಳನ್ನು ಕೇಳಿದರು, ಕಣ್ಣು ಮೇಜಿನ ಮೇಲೆ. ಕ್ಲಿನಿಕ್ಕಿನಿಂದ ಹಲ್ಲು ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ತಂದಿದ್ದರು, ಗಿಟಾರಿನ ಒಳಗನ್ನು ನೋಡಲಿಕ್ಕೆ. ಬೆಳಗ್ಗೆ ತನ್ನ ಬಾಯೊಳಗೆ ಇದ್ದದ್ದೂ ಅದುವೇ ಇರಬಹುದು ಎಂದು ಜೂಲಿಯೆಟ್‌ಗೆ ಅನ್ನಿಸಿತು. ಅವರು ಮೊದಲು ಮೊಬೈಲಿನಲ್ಲಿ ಧೂಳಿನ ಫೋಟೋ ತೆಗೆದರು. ಕೊಂಡಿ ಬಿಡಿಸಿ ಮುಚ್ಚಳ ಎತ್ತಿದಾಗ ಆ ವಾಸನೆ ಚಾವಡಿಗೆ ಬಂತು, ಕುಂಞನ ಪಾಲಿಶ್‌ಗೂ ಸೋಲದೆ ಮಖಮಲ್ಲಿನೊಳಗೆ ಉಳಿದುಕೊಂಡದ್ದು. ಡಾಕ್ಟರು ಕಣ್ಣು ಮುಚ್ಚಿದರು. "ಆಹಾ. ಇದನ್ನು ಮಾತ್ರ ಯಾವ ಕಂಪೆನಿಗೂ ಮಾಡ್ಲಿಕ್ಕೆ ಬರುದಿಲ್ಲ." ಮೇಲೆಯೇ ಸುರುಳಿ ಸುತ್ತಿ ಇಟ್ಟಿದ್ದ ಹೆಗಲಪಟ್ಟಿಯನ್ನು, ಬೆವರು ಕುಡಿದು ಕಪ್ಪಾಗಿ ಗಟ್ಟಿಯಾದ ಆ ತೊಗಲನ್ನು, ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದರು. ಮೂಲೆಯಲ್ಲಿ ಒಂದು ಬಾಚಣಿಗೆ, ಅದರಲ್ಲಿ ಸೆಬಾಸ್ಟಿಯನ್ನನ ಕರಿಕೂದಲ ಕಾಲದ ಕೂದಲು. "ಇದೂ ಇರ್ಲಿ, ತೆಗೀಬೇಡಿ." ಅವಳ ಬಾಯಿ ತುಂಬಿತು. ನುಂಗಿದಳು.

ಹೊದಿಕೆ ಸರಿಸಿದಾಗ ಅದು ಥಳಥಳ ಹೊಳೆಯಿತು. ಕಿಟಕಿಯ ಸರಳುಗಳು ಅದರ ಹೊಟ್ಟೆಯ ಮೇಲೆ ಮೂಡಿದವು. ಸೆಬಾಸ್ಟಿಯನ್ ಒಂದು ಕ್ಷಣ ನಕ್ಕ, ಇಷ್ಟು ಚೆಂದ ಇತ್ತೆಂದು ತನಗೇ ಮರೆತುಹೋಗಿತ್ತು ಎಂಬಂತೆ. ಆಮೇಲೆ ಅವನ ಹೆಬ್ಬೆರಳು ಗಿಟಾರಿನ ತಲೆಯ ಮೇಲೆ ಅತ್ತಿತ್ತ ಹುಡುಕಿತು.

"ಇದು ಯಾರು ಮಾಡಿದ್ದು?" ಡಾಕ್ಟರು ಹೆಗಲಪಟ್ಟಿಯನ್ನು ಕೆಳಗಿಟ್ಟರು.

"ನಾನು," ಎಂದಳು ಜೂಲಿಯೆಟ್. ಊದಿಕೊಂಡ ತುಟಿಯಿಂದ ಮಾತು ವಾಲಿಕೊಂಡು ಬಂತು. "ಸಿಂಥಿಯಾಳ ಮದುವೆಗೆ. ಕುಂಞನ ಹತ್ತಿರ ಹೇಳಿ ಮಾಡಿಸಿದ್ದು."

"ಇಗರ್ಜಿಯ ಬೆಂಚಾ ಇದು?" ಸೆಬಾಸ್ಟಿಯನ್ನನ ದನಿ ಏರಿತು. ಅತಿಥಿಯ ಎದುರು ಎಂದು ಕೊಂಕಣಿ ಬಿಟ್ಟು ಕನ್ನಡದಲ್ಲಿಯೇ ಬೈಯುತ್ತಿದ್ದ. "ನಿನಗೆ ಯಾರು ಹೇಳಿದ್ದು? ಸಂಗೀತದ ಗಂಧ ಉಂಟಾ ನಿನಗೆ? ನೋಡಿ ಡಾಕ್ಟ್ರೇ, ನನ್ನ ಒಂದು ಜೀವಮಾನವನ್ನು ಪಾಲಿಶ್ ಹಾಕಿ ಇಟ್ಟಿದ್ದಾಳೆ."

"ಇರ್ಲಿ, ಇರ್ಲಿ" ಎನ್ನುತ್ತ ಡಾಕ್ಟರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಹಸಿರುಗಟ್ಟಿದ ತಂತಿಯನ್ನು ಬೆರಳಿನಿಂದ ಎಳೆದು ಬಿಟ್ಟರು. ತಗ್ಗಿನ, ದುಂಡಗಿನ ಸ್ವರ. ಮೇಜಿನ ಮೇಲಿನ ಸ್ಟೀಲಿನ ಲೋಟ ಸಣ್ಣಗೆ ನಡುಗಿತು. ಇನ್ನೊಂದು ಎಳೆದರು. ಕಿವಿಯನ್ನು ಮರಕ್ಕೆ ಒತ್ತಿ ಕೇಳಿದರು. "ಸ್ವರ ಹಾಗೇ ಉಂಟು," ಎಂದರು ದುಃಖದಿಂದ. "ಒಳ್ಳೆ ಸ್ವರ."

"ಹಾಗಾದ್ರೆ ಹೋದದ್ದು ಎಂತ ಡಾಕ್ಟ್ರೇ?" ಎಂದಳು ಅವಳು.

"ಹಾಗಲ್ಲ ಮೇಡಂ. ಕ್ರಯ ಸ್ವರಕ್ಕಲ್ಲ."

"ಕಣ್ಣು ಕಟ್ಟಿ ಕೇಳಿಸಿದ್ರೆ, ಇದೂ ಹೊಸತೂ ನಿಮಗೆ ಬೇರೆ ಬೇರೆ ಅಂತ ಗೊತ್ತಾಗ್ತದಾ?"

ಡಾಕ್ಟರು ನಾಚಿಕೊಂಡವರಂತೆ ನಕ್ಕರು. "ಗೊತ್ತಾಗ್ಲಿಕ್ಕಿಲ್ಲ. ಅದು ಬೇರೆ ವಿಷಯ. ಒಬ್ಬ ಮನುಷ್ಯ ಅದರೊಟ್ಟಿಗೆ ಬದುಕಿದ ಗುರುತು ಬೇಕಲ್ಲ. ಅದನ್ನೇ ಉಜ್ಜಿ ತೆಗ್ದ್ರೆ ಉಳಿಯುದು ಮರ. ಈಗ ನಾನು ಕೊಂಡುಹೋದ್ರೂ ಗೋಡೆಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಕ್ಕಿಲ್ಲ."

"ಕಲೆ ಇತ್ತು ಡಾಕ್ಟ್ರೇ," ಎಂದ ಸೆಬಾಸ್ಟಿಯನ್. ಅವನ ಕತ್ತಿನ ನರ ಉಬ್ಬಿತ್ತು. ಬೆಳಗ್ಗಿನಿಂದ ಇದ್ದ ಮದುಮಗ ಇಳಿದುಹೋಗಿ ಮಂಚದ ಮೇಲಿನ ಮುದುಕ ಬಂದು ಕೂತಿದ್ದ. "ನಾನು ಸುಳ್ಳು ಹೇಳ್ಲಿಲ್ಲ. ಇಲ್ಲಿಯೇ ಇತ್ತು. ಇವಳ ಹತ್ತಿರವೇ ಕೇಳಿ, ಕಂಡಿದ್ದಾಳೆ. ಹೇಳು ಜೂಲಿ, ನಾನು ಸಿಗರೇಟು ಎಲ್ಲಿ ಇಡ್ತಿದ್ದೆ ಹೇಳು."

"ಒಂದು ಸಲ ನನ್ನ ಕೈಯಲ್ಲಿ," ಎಂದಳು.

ಬಲಗೈಯನ್ನು ಮೇಜಿನ ಮೇಲೆ ಇಟ್ಟು, ನಡುಬೆರಳನ್ನು ತೋರುಬೆರಳಿನಿಂದ ಅಗಲಿಸಿದಳು. ಎರಡರ ಒಳಮೈಯಲ್ಲೂ ಹೊಳೆಯುವ, ನೆರಿಗೆ ಹಿಡಿದ ಅರೆಚಂದ್ರಗಳು. ಸೇರಿಸಿದರೆ ಒಂದು ಉರುಟು. ಫೈಲು ತಿರುಗಿಸುವಾಗ, ಜಪಮಾಲೆ ಹಿಡಿಯುವಾಗ, ಅನ್ನ ಕಲೆಸುವಾಗ ಯಾರೂ ನೋಡದಂತೆ ಒಟ್ಟಿಗೇ ಇರಲು ಕಲಿತ ಬೆರಳುಗಳು ತೆರೆದಾಗ ಗಾಳಿ ತಾಗಿ ತಣ್ಣಗಾಯಿತು. ಅವಳು ಕೈಯನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದಳು.

ಸೆಬಾಸ್ಟಿಯನ್ ಬಗ್ಗಿ ನೋಡಿದ. "ಇದೆಂತ ಈಗ? ನಿನ್ನ ಕೈಯಲ್ಲಿ ನಾನು ಯಾಕೆ ಕೊಡ್ಲಿ? ಅದು ಅಡುಗೆಮನೆಯದ್ದು ಡಾಕ್ಟ್ರೇ. ಇವಳಿಗೆ ಮೊದಲಿಂದಲೂ ಜಾಗ್ರತೆ ಇಲ್ಲ."

ಆ ಮುಖದಲ್ಲಿ ಸುಳ್ಳಿರಲಿಲ್ಲ. ಅವಳು ಹುಡುಕಿದಳು, ಕಣ್ಣಿನ ಅಂಚಿನಲ್ಲಿ, ಬಾಯಿಯ ಸುತ್ತ, ಎಲ್ಲಿಯಾದರೂ ಒಂದು ಸಣ್ಣ ಸುಳ್ಳು ಸಿಕ್ಕರೆ ಸಾಕು ಎಂದು. ಬರಲಿದ್ದ ಕ್ರಯ ಕೈತಪ್ಪಿದವನ ಬೇಸರ ಬಿಟ್ಟರೆ ಬೇರೇನೂ ಇಲ್ಲದ ಚೊಕ್ಕ ಮುಖ. ಬಚ್ಚಿಟ್ಟ ನಾಚಿಕೆ ಎಂದು ತಾನು ಕಾಯ್ದುಕೊಂಡು ಬಂದದ್ದು ಎಲ್ಲಿಯೂ ಇರಲಿಲ್ಲ, ಯಾವತ್ತೂ ಇರಲಿಲ್ಲ.

ಡಾಕ್ಟರು ಮಾತ್ರ ಅವಳ ಕೈಯನ್ನು ಹಿಡಿದುಕೊಂಡಿದ್ದರು. ಪುಟ್ಟ ಕನ್ನಡಿಯನ್ನು ಬೆರಳುಗಳ ಸಂದಿಗೆ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿದರು. "ಇಲ್ಲ ಸೆಬಾಸ್ಟಿಯನರೇ, ಇದು ಸಿಗರೇಟಿನದ್ದೇ. ಅಳತೆ ನೋಡಿ. ಹಳತು, ತುಂಬಾ ಹಳತು." ಅವರ ಕಣ್ಣಲ್ಲಿ ಬೆಳಗ್ಗಿನ ಅದೇ ಬೆಳಕು ಮೂಡಿತು. ಚಾವಡಿಯ ಬಿಗುವನ್ನು ಸಡಿಲಿಸಬೇಕೆಂಬ ಒಳ್ಳೆಯತನದಿಂದಲೇ ಇರಬೇಕು, ನಕ್ಕು ಹೇಳಿದರು: "ಹಾಗಾದ್ರೆ ಒರಿಜಿನಲ್ ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ರೇ! ಮನೆಯಲ್ಲೇ ಉಂಟು."

ಸೆಬಾಸ್ಟಿಯನ್ ಕೂಡ ನಕ್ಕ. ಮೊದಲು ಒಲ್ಲದ ನಗು, ಆಮೇಲೆ ನಿಜವಾದದ್ದು. "ಇದಕ್ಕೆ ಎಷ್ಟು ಕೊಡ್ತೀರಿ ಡಾಕ್ಟ್ರೇ?"

ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹಲ್ಲಿದ್ದ ಗುಂಡಿಯಲ್ಲಿ ಏನೋ ಕದಲಿದಂತಾಗಿ ಬಾಯಿ ಬೆಚ್ಚಗೆ ತುಂಬತೊಡಗಿತು. ತುಟಿಯ ಕೊನೆಯಲ್ಲಿ ಕೆಂಪು ಕಂಡದ್ದೇ ಡಾಕ್ಟರು ನಗು ನಿಲ್ಲಿಸಿ, "ಮೇಡಂ, ಉಗುಳ್ಬೇಡಿ, ನುಂಗಿ, ನುಂಗಿಬಿಡಿ" ಎಂದರು. ಅವಳು ತೆರೆದಿದ್ದ ಪೆಟ್ಟಿಗೆಯ ಮೇಲೆ ಬಗ್ಗಿ, ಗಿಟಾರಿನ ಮೈಯ ಆಕಾರಕ್ಕೆ ಗುಳಿ ಬಿದ್ದಿದ್ದ ಮಖಮಲ್ಲಿನ ನಡುವಿಗೆ ಉಗುಳಿದಳು. ಬೆಳಗ್ಗಿನಿಂದ ಕೂಡಿದ್ದ ಎಂಜಲು, ರಕ್ತ, ಹತ್ತಿಯ ಒಂದು ನಾರು. ಸೆಬಾಸ್ಟಿಯನ್ "ಜೂಲಿ!" ಎಂದು ಹೆಗಲ ಟವೆಲನ್ನು ಎಳೆದುಕೊಂಡು ಮುಂದೆ ಬಂದ. ಬಂದವನು ಟವೆಲನ್ನು ಪೆಟ್ಟಿಗೆಯೊಳಗೆ ಒತ್ತಿ ಉಜ್ಜತೊಡಗಿದ.

ಅವಳ ಬಾಯಿ ಇನ್ನೂ ಖಾಲಿಯಾಗಿರಲಿಲ್ಲ. ಅವನ ಕೈ ಅಲ್ಲಿಂದ ಸರಿಯಲಿ ಎಂದು ಅವಳು ಕಾಯಲಿಲ್ಲ. ಮತ್ತೊಮ್ಮೆ ಬಗ್ಗಿದಳು.